ಗಿರಣಿಯಲ್ಲಿ ಹತ್ತಿಯನ್ನು ‘ಹಿಂಜುತ್ತಿದ್ದರೇ’, ‘ಬಿಡಿಸುತ್ತಿದ್ದರೇ’?

ದಾವಣಗೆರೆಯ ಹಳೆಯ ಗಿರಣಿಯೊಂದರ ಜಾಗದಲ್ಲಿ ನಿಲ್ಲಿಸಲಿರುವ ಕಲ್ಲಿನ ಫಲಕದ ಕರಡು ತಿದ್ದಲು ನನ್ನ ಕೈಗೆ ಬಂದಿದೆ. ಮೊದಲ ಸಾಲಿನಲ್ಲೇ ಪೆನ್ನು ನಿಂತಿತು: ‘ಬ್ರಿಟಿಷರ ಕಾಲದ ಹತ್ತಿ ಹಿಂಜುವ ಗಿರಣಿ ಇಲ್ಲಿತ್ತು.’

ತಕರಾರು ‘ಹಿಂಜುವ’ ಎಂಬುದರ ಮೇಲೆ. ಇಲ್ಲಿ ನಡೆಯುತ್ತಿದ್ದುದು ಜಿನ್ನಿಂಗ್, ಅಂದರೆ ಹತ್ತಿಯಿಂದ ಬೀಜವನ್ನು ಬೇರೆ ಮಾಡುವ ಕೆಲಸ. ಹಿಂಜುವುದು ಅದರ ಮುಂದಿನದು. ಬೀಜ ಹೋದ ಅರಳೆಯನ್ನು ಬಿಲ್ಲಿನಿಂದ ಮಿಡಿದು ಎಳೆ ಎಳೆಯಾಗಿ ಸಡಿಲಿಸುವುದು. ಹಾಸಿಗೆ ತುಂಬುವ ಮೊದಲು ಪಿಂಜಾರರು ಮನೆಯಂಗಳದಲ್ಲಿ ಕುಳಿತು ಮಾಡುತ್ತಿದ್ದುದು. ಜಿನ್ನಿಂಗ್‌ಗೂ ‘ಹಿಂಜುವಿಕೆ’ ಎಂದೇ ಬರೆಯುವ ರೂಢಿ ಪತ್ರಿಕೆಗಳಲ್ಲಿದೆ, ಬಲ್ಲೆ. ಹಾಗಾದರೆ ನಿಜವಾದ ಹಿಂಜುವಿಕೆಗೆ ಏನೆನ್ನೋಣ?

‘ಹತ್ತಿ ಬಿಡಿಸುವ ಗಿರಣಿ’ ಎಂದು ತಿದ್ದಿದೆ. ದೀಪದ ಬತ್ತಿಗೆಂದು ನಮ್ಮ ಅಜ್ಜಿ ಬೆರಳಿನಿಂದ ಬೀಜ ತೆಗೆಯುತ್ತಿದ್ದುದಕ್ಕೆ ಮನೆಯಲ್ಲಿದ್ದ ಮಾತು ಅದೇ. ಜಗಳೂರು ಕಡೆಯ ಗೆಳೆಯರಿಗೆ ತೋರಿಸಿದರೆ ನಕ್ಕುಬಿಟ್ಟರು: ‘ಗಿರಣಿಯೇ ಹೊಲಕ್ಕಿಳಿದು ಕೂಲಿ ಮಾಡುತ್ತಿತ್ತೇ?’ ಅವರಿಗೆ ಹತ್ತಿ ಬಿಡಿಸುವುದೆಂದರೆ ಗಿಡದಲ್ಲಿ ಒಡೆದ ಕಾಯಿಯಿಂದ ಹತ್ತಿ ಕೀಳುವುದು. ಅವರದೂ ಸರಿ, ಅಜ್ಜಿಯದೂ ಸರಿ, ಫಲಕ ಮಾತ್ರ ತಪ್ಪಾಗುತ್ತದೆ.

‘ಜಿನ್ನಿಂಗ್ ಗಿರಣಿ’ ಎಂದೇ ಬಿಡೋಣವೆಂದರೆ, ಇಂಗ್ಲಿಷಿನ ‘ಜಿನ್’ ಹುಟ್ಟಿದ್ದೇ ‘ಎಂಜಿನ್’ ಪದದ ಬಾಲದಿಂದ. ಅಲ್ಲಿಗೆ ಯಂತ್ರದ ಯಂತ್ರ ಎಂದಂತಾಯಿತು.

ಈಗ ನನಗೆ ಹೊಳೆದಿರುವುದು ‘ಅರಳೆ ಗಿರಣಿ’. ಕನ್ನಡದಲ್ಲಿ ಗಿರಣಿಗೆ ಹೆಸರು ಬರುವುದು ಒಳಗೆ ಹೋಗುವ ಪದಾರ್ಥದಿಂದಲ್ಲ, ಹೊರಗೆ ಬರುವುದರಿಂದ: ಅಕ್ಕಿ ಗಿರಣಿ, ಎಣ್ಣೆ ಗಿರಣಿ, ಹಿಟ್ಟಿನ ಗಿರಣಿ. ಭತ್ತದ ಗಿರಣಿ ಎನ್ನುವವರು ಕಡಿಮೆ. ನಮ್ಮೂರಿನ ಮಂಡಕ್ಕಿ ಭಟ್ಟಿಯದೂ ಅದೇ ಜಾಡು. ಹತ್ತಿ ಎಂಬುದು ಅರಳೆಯಾಗುವುದು ಈ ಯಂತ್ರದಲ್ಲಿಯೇ. 100 ಕೆ.ಜಿ. ಹತ್ತಿ ಹಾಕಿದರೆ ಸಿಗುವ ಅರಳೆ ಸುಮಾರು 35 ಕೆ.ಜಿ.; ಉಳಿದದ್ದು ಬಹುಪಾಲು ಹತ್ತಿಕಾಳು, ದನಗಳ ಪಾಲು. (ತೂಕವನ್ನೇ ನಂಬಿದರೆ ‘ಹತ್ತಿಕಾಳು ಗಿರಣಿ’ ಎನ್ನಬೇಕಾಗುತ್ತಿತ್ತು!)

ಇನ್ನು ‘ಬ್ರಿಟಿಷರ ಕಾಲದ’. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದುದು 1831ರಿಂದ 1881ರವರೆಗೆ. ಈ ಗಿರಣಿ ಅದಕ್ಕಿಂತ ಎಷ್ಟೋ ಈಚಿನದು. ಮದ್ರಾಸ್ ಪ್ರಾಂತ್ಯದಲ್ಲಿದ್ದ ಹರಪನಹಳ್ಳಿಯಲ್ಲಾದರೆ ಆ ಮಾತು ಒಪ್ಪುತ್ತದೆ. ಇಲ್ಲಿನ ಹಿರಿಯರ ಬಾಯಲ್ಲಿರುವುದು ‘ಮಹಾರಾಜರ ಕಾಲ’. ಅದನ್ನೇ ಬರೆದಿದ್ದೇನೆ, ಇದರಲ್ಲಿ ಅನುಮಾನವಿಲ್ಲ.

ಅನುಮಾನವಿರುವುದು ಅರಳೆಯದು. ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿ ಕಡೆಯವರು ‘ಅರಳೆ ಗಿರಣಿ’ ಎಂಬ ಮಾತನ್ನು ಕೇಳಿದ್ದೀರಾ? ಅಥವಾ ಆ ಹೆಸರು ಕಿವಿಗೆ ಬಿದ್ದೊಡನೆ ನಿಮ್ಮ ಕಣ್ಣಿಗೆ ನೂಲುವ ಗಿರಣಿ ಬರುತ್ತದೆಯೇ? ಕಲ್ಲು ಕೆತ್ತುವವರು ಸೋಮವಾರ ಬರುತ್ತಾರೆ.