47ನೇ ನಂಬರ್ ಸಾಲುಮನೆ: 1891ರ ಸೆನ್ಸಸ್‌ನಲ್ಲಿ ಬೇರೆ ಜಾಗ ತೋರಿಸುತ್ತಿದೆ, ಸಹಾಯ ಬೇಕು

ಇಟ್ಟಿಗೆಮನೆ:
ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಹಳೇ ಸಾಲುಮನೆಯೊಂದನ್ನು ಕೊಂಡು ಎರಡು ವರ್ಷ ಆಯಿತು. ಕೆಳಗೆ ಎರಡು ರೂಮು, ಮೇಲೆ ಎರಡು. ಬಾಗಿಲು ತೆಗೆದರೆ ನೇರ ಫುಟ್‌ಪಾತ್. ನೆಲಮಾಳಿಗೆ ಗುಡಿಸುವಾಗ ಶೂ ಹೊಲಿಯಲು ಬಳಸುವ ಮರದ ಅಚ್ಚೊಂದು ಸಿಕ್ಕಿತು, ಮಗುವಿನ ಕಾಲಿನ ಅಳತೆಯದು. ಅವತ್ತಿನಿಂದ ಇಲ್ಲಿ ಯಾರು ಇದ್ದರು ಅಂತ ಹುಡುಕುತ್ತಿದ್ದೇನೆ.

1921 ಮತ್ತು 1911ರಲ್ಲಿ ಒಂದೇ ಕುಟುಂಬ ಇದೆ, ಅನುಮಾನವಿಲ್ಲ. ಆದರೆ 1891ರಲ್ಲಿ 47 ಅಂತ ಇರುವ ಮನೆ ಪ್ರಾರ್ಥನಾ ಮಂದಿರದ ಪಕ್ಕ ಬರುತ್ತದೆ. ಆ ಮಂದಿರ ನಮ್ಮ ಬೀದಿಯ ಇನ್ನೊಂದು ತುದಿಯಲ್ಲಿದೆ! ಎಲ್ಲಿ ತಪ್ಪುತ್ತಿದ್ದೇನೆ?

ಹಳೇಕಡತ:
ಮೇಡಂ, 47 ಅನ್ನು ಯಾವ ಕಾಲಮ್‌ನಿಂದ ಓದಿದಿರಿ?

ಇಟ್ಟಿಗೆಮನೆ:
ಎಡಗಡೆಯ ಮೊದಲನೇ ಕಾಲಮ್ ಸರ್.

ಹಳೇಕಡತ:
ಅಲ್ಲೇ ಎಡವಿದ್ದೀರಿ. ನಾನೂ ಮೊದಲ ಸಲ ಹಾಗೇ ಓದಿ ಮೂರು ತಿಂಗಳು ಬೇರೆ ಯಾರದೋ ವಂಶ ಹುಡುಕಿದ್ದೆ. ಅದು ಮನೆ ನಂಬರ್ ಅಲ್ಲ, ಗಣತಿಯವರು ಫಾರಂಗಳಿಗೆ ಕೊಟ್ಟ ಕ್ರಮಸಂಖ್ಯೆ. ವಿಳಾಸ ಅದರ ಪಕ್ಕದ ಕಾಲಮ್‌ನಲ್ಲಿರುತ್ತದೆ. ಹೆಸರುಗಳ ಹತ್ತಿರ ಓರೆ ಗೆರೆಗಳನ್ನೂ ನೋಡಿ. ಎರಡು ಗೆರೆ ಇದ್ದರೆ ಅಲ್ಲಿಗೆ ಆ ಮನೆ ಮುಗಿಯಿತು. ಒಂದೇ ಗೆರೆ ಇದ್ದರೆ ಅದೇ ಮನೆಯಲ್ಲಿ ಇನ್ನೊಂದು ಸಂಸಾರ ಇದೆ ಅಂತ.

ಆದರೆ ಸರಿಯಾದ ಕಾಲಮ್ ಓದಿದರೂ 47 ಸಿಗದೇ ಇರಬಹುದು. ಆ ಕಾಲದಲ್ಲಿ ಮನೆ ಕಟ್ಟುವವರು ಐದಾರು ಮನೆಗಳ ಸಾಲು ಎಬ್ಬಿಸಿ, ಆ ಸಾಲಿಗೇ ಒಂದು ಹೆಸರಿಟ್ಟು, 1ರಿಂದ ನಂಬರ್ ಹಾಕುತ್ತಿದ್ದರು. ಬೀದಿ ತುಂಬಿದ ಮೇಲೆ ಎಲ್ಲ ಸಾಲುಗಳನ್ನೂ ಸೇರಿಸಿ, ಒಂದು ಕಡೆ ಸಮ, ಇನ್ನೊಂದು ಕಡೆ ಬೆಸ ಅಂತ ಹೊಸ ನಂಬರ್ ಕೊಡುತ್ತಿದ್ದರು.

ಇದನ್ನು ಬಿಡಿಸಲು ಬೀದಿ ಡೈರೆಕ್ಟರಿ ಬೇಕು, ಅಂದರೆ ಯಾವ ಬೀದಿಯ ಯಾವ ಮನೆಯಲ್ಲಿ ಯಾರಿದ್ದರು ಅಂತ ಅಚ್ಚು ಹಾಕಿದ ಪುಸ್ತಕ. ಲೆಸ್ಟರ್ ವಿಶ್ವವಿದ್ಯಾಲಯದವರು ಇಡೀ ಇಂಗ್ಲೆಂಡಿನ ಹಳೇ ಡೈರೆಕ್ಟರಿಗಳನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದ್ದಾರೆ. ನಿಮಗೆ ಖಚಿತವಾಗಿರುವ 1911ರಿಂದ ಹಿಂದಕ್ಕೆ ಬನ್ನಿ. ನಿಮ್ಮ ಮನೆ ಒಂದನ್ನೇ ನೋಡಬೇಡಿ. ಎಡಬಲದ ನಾಲ್ಕು ನಾಲ್ಕು ಹೆಸರು ಬರೆದುಕೊಳ್ಳಿ. ಅದೇ ಹೆಸರುಗಳು ಅದೇ ಕ್ರಮದಲ್ಲಿ ಇದ್ದು ನಂಬರ್ ಮಾತ್ರ ಬದಲಾದರೆ, ಆ ಎರಡು ಡೈರೆಕ್ಟರಿಗಳ ನಡುವೆ ನಂಬರ್ ಬದಲಾಗಿದೆ. ಇಡೀ ಬೀದಿ ಒಟ್ಟಿಗೆ ಮನೆ ಖಾಲಿ ಮಾಡುವುದಿಲ್ಲ, ಅಲ್ವಾ? ಅಡ್ಡಬೀದಿ ಎಲ್ಲಿ ಸೇರುತ್ತದೆ ಅಂತಲೂ ಡೈರೆಕ್ಟರಿಯಲ್ಲಿ ಹಾಕಿರುತ್ತಾರೆ. ಮೂಲೆಯ ಪಬ್ಬು, ಅಡ್ಡಬೀದಿ, ಮಂದಿರ ಇವೇ ನಿಮ್ಮ ಮೈಲಿಗಲ್ಲು.

ನಕ್ಷೆಪ್ರೇಮಿ:
ಒಂದು ಮಾತು. ಎದುರು ಫುಟ್‌ಪಾತ್‌ನಲ್ಲಿ ನಿಂತು ನಿಮ್ಮ ಸಾಲನ್ನು ಮೇಲೆ ನೋಡಿ. ಲೆಸ್ಟರ್‌ನ ಸಾಲುಮನೆಗಳಲ್ಲಿ ಎರಡು ಮನೆಗಳ ಮಧ್ಯೆ ಸಾಲಿನ ಹೆಸರು, ಇಸವಿ ಕೆತ್ತಿದ ಕಲ್ಲು ಆಗಾಗ ಕಾಣುತ್ತದೆ. ಸ್ಕಾಟ್‌ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಸೈಟಿನಲ್ಲಿ ಇಂಗ್ಲೆಂಡಿನ ಹಳೇ ಸರ್ವೆ ನಕ್ಷೆಗಳೂ ಇವೆ. ಒಂದು ಮೈಲಿಯನ್ನು 25 ಇಂಚಿನಲ್ಲಿ ತೋರಿಸುವ ನಕ್ಷೆ ತೆಗೆದು ಮನೆ ಮನೆ ಎಣಿಸಿ.

ಇಟ್ಟಿಗೆಮನೆ:
ಸಿಕ್ಕಿತು!! ಕಲ್ಲು ಇದೆ. ಎರಡು ವರ್ಷ ಅದರ ಕೆಳಗೇ ಓಡಾಡಿದ್ದೇನೆ, ತಲೆ ಎತ್ತಿ ನೋಡಿರಲಿಲ್ಲ. ಸಾಲಿನ ಹೆಸರು, ಕೆಳಗೆ 1884. ಅದೇ ಹೆಸರು 1891ರ ಎರಡನೇ ಕಾಲಮ್‌ನಲ್ಲೂ ಇದೆ, 1ರಿಂದ 6. ಮೂಲೆಯ ಪಬ್ಬಿನಿಂದ ಎಣಿಸಿದರೆ ನಮ್ಮದು 4.

ಅಲ್ಲಿ ಗಂಡ, ಹೆಂಡತಿ, ಐದು ಮಕ್ಕಳು. ಗಂಡನ ಕಸುಬು ಬೂಟಿನ ಫಿನಿಶಿಂಗ್. ದೊಡ್ಡ ಮಗ ಕ್ಲಿಕರ್ ಅಂತ ಇದೆ, ಹಾಗಂದರೆ ಏನು? ರೂಮುಗಳು 4 ಅಂತ ಬರೆದಿದ್ದಾರೆ.

ಹಳೇಕಡತ:
ಬಹಳ ಸಂತೋಷ ಆಯಿತು. ಐದಕ್ಕಿಂತ ಕಡಿಮೆ ರೂಮಿದ್ದರೆ ಮಾತ್ರ 1891ರಲ್ಲಿ ಎಣಿಕೆ ಬರೆಯುತ್ತಿದ್ದರು. ನಿಮ್ಮ ಮನೆಗೆ ಲೆಕ್ಕ ಸರಿಹೋಯಿತು. ಕ್ಲಿಕರ್ ಅಂದರೆ ಬೂಟಿನ ಮೇಲ್ಭಾಗಕ್ಕೆ ಚರ್ಮ ಕತ್ತರಿಸುವವನು. ಒಂದೇ ತೊಗಲಿನಲ್ಲಿ ಜಾಸ್ತಿ ಜೋಡಿ ತೆಗೆಯಬೇಕು, ಕೈ ಪಳಗಿರಬೇಕು. ಫಿನಿಶಿಂಗ್ ಕೆಲಸವನ್ನು ಆಗ ಮನೆಗೆ ತಂದು ಮಾಡುತ್ತಿದ್ದವರು ಬಹಳ. ಆದರೂ ಅಚ್ಚು ಇವರದೇ ಅಂತ ಈಗಲೇ ಬರೆದಿಡಬೇಡಿ. ಬೂಟು ಕೆಲಸದವರು ಆ ಊರಿನ ತುಂಬಾ ಇದ್ದರು.

1911ರ ಫಾರಂ ಮತ್ತೊಮ್ಮೆ ನೋಡಿ. ಮದುವೆಯಾಗಿ ಎಷ್ಟು ವರ್ಷ, ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಉಳಿದರು ಅಂತ ಕೇಳಿದ್ದಾರೆ. 1921ರಲ್ಲಿ ಯಾರ ಹತ್ತಿರ ಕೆಲಸ ಅಂತಲೂ ಇರುತ್ತದೆ.

ಇಟ್ಟಿಗೆಮನೆ:
1911ರದು ನೋಡಿದೆ. ಎಂಟು ಹುಟ್ಟಿ ಐದು ಉಳಿದಿವೆ. ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

1921ರಿಂದ ಈಚೆಗೆ ಹೇಗೆ ಬರುವುದು?

ಹಳೇಕಡತ:
1931ರ ಸೆನ್ಸಸ್ 1942ರ ಬೆಂಕಿಯಲ್ಲಿ ಹೋಯಿತು. 1941ರಲ್ಲಿ ಯುದ್ಧ, ಗಣತಿಯೇ ಆಗಲಿಲ್ಲ. ಹಾಗಾಗಿ ಯುದ್ಧ ಶುರುವಾದಾಗ ಮನೆ ಮನೆಯ ಜನರ ಹೆಸರು ಬರೆದುಕೊಂಡ 1939ರ ಸೆಪ್ಟೆಂಬರ್ 29ರ ರಿಜಿಸ್ಟರ್ ನೋಡಬೇಕು. ಹುಟ್ಟಿ ನೂರು ವರ್ಷ ಆಗದವರ ಹೆಸರು ಮುಚ್ಚಿರುತ್ತಾರೆ. ಅವರು ತೀರಿಕೊಂಡಿದ್ದಕ್ಕೆ ದಾಖಲೆ ಕೊಟ್ಟರೆ ತೆರೆಯುತ್ತಾರೆ.

ಆಮೇಲಿನದಕ್ಕೆ ಮತದಾರರ ಪಟ್ಟಿಯೇ ಗತಿ. ಲೆಸ್ಟರ್ ಪಕ್ಕದ ವಿಗ್‌ಸ್ಟನ್‌ನ ರೆಕಾರ್ಡ್ ಆಫೀಸಿನಲ್ಲಿ ಕೇಳಿ. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಉಗಾಂಡಾದಿಂದ ಏಷ್ಯನ್ನರನ್ನು ಓಡಿಸಿದಾಗ ತುಂಬಾ ಜನ ಲೆಸ್ಟರ್‌ಗೆ ಬಂದರು. ಆ ವರ್ಷಗಳ ಪಟ್ಟಿ ಬಿಡಬೇಡಿ. ಆ ಹೆಸರುಗಳನ್ನು ಇಲ್ಲಿ ಮಾತ್ರ ಹಾಕಬೇಡಿ, ಎಷ್ಟೋ ಜನ ಇನ್ನೂ ಇದ್ದಾರೆ.

ಇಟ್ಟಿಗೆಮನೆ:
ಆಗಲಿ ಸರ್. ಪಕ್ಕದ ಮನೆಯ ಗುಜರಾತಿ ಅಜ್ಜಿ ಉಗಾಂಡಾದ ಕಂಪಾಲಾದಿಂದ ಬಂದವರು. ನಮ್ಮ ಮನೆಯಲ್ಲಿ ಆಗ ಯಾರಿದ್ದರು ಅಂತ ಅವರಿಗೆ ಗೊತ್ತಂತೆ. ಭಾನುವಾರ ಚಹಾಕ್ಕೆ ಕರೆದಿದ್ದಾರೆ. ಅಚ್ಚು ತೆಗೆದುಕೊಂಡು ಹೋಗುತ್ತೇನೆ.