ಸಹಾಯ ಬೇಕು: ಮ್ಯೂಸಿಯಂ ಫೆಲೋಶಿಪ್‌ನಲ್ಲಿ ರಿಸರ್ಚ್ ಬಿಟ್ಟು ಬೇರೆ ಕೆಲಸ ಎಷ್ಟು ಮಾಡ್ಬೇಕು?

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವಳು, ಮಂಗಳೂರು ಕಡೆಯ ಒಂದು ಮ್ಯೂಸಿಯಂನಲ್ಲಿ ಜೂನಿಯರ್ ಫೆಲೋ ಆಗಿ ಸೇರಿದ್ದೇನೆ, ವಿಷಯ ಬಾರ್ಕೂರು ಸುತ್ತಮುತ್ತಲಿನ ಆಳುಪರ (ಹಿಂದೆ ನಮ್ಮ ಕರಾವಳಿ ಆಳಿದ ರಾಜವಂಶ) ಕಾಲದ ಶಾಸನಗಳು. ಆರ್ಡರ್‌ನಲ್ಲಿ "ಸಂಸ್ಥೆ ವಹಿಸುವ ಇತರ ಕೆಲಸ" ಅಂತ ಒಂದು ಸಾಲು ಉಂಟು, ಅದರೊಳಗೆ ಈಗ ಶಾಲೆ ಮಕ್ಕಳ ಟೂರ್, ಟಿಕೆಟ್ ಕೌಂಟರ್, ಫೇಸ್‌ಬುಕ್ ಪೋಸ್ಟ್, ಮೇ 18ರ ಮ್ಯೂಸಿಯಂ ದಿನದ ಸ್ಟೇಜ್ ಕೆಲ್ಸ ಎಲ್ಲ ಬಂದು ಕೂತಿದೆ.

ಎಲ್ಲವೂ ಬೇಡ ಅಂತ ಅಲ್ಲ ಮಾರ್ರೆ. ಅಕ್ಸೆಶನ್ ರಿಜಿಸ್ಟರ್ ಬರೆಯುದು, ತಾಳೆಗರಿ ಕ್ಲೀನ್ ಮಾಡಿ ಲೆಮನ್‌ಗ್ರಾಸ್ ಎಣ್ಣೆ ಹಚ್ಚುದು, ನಮ್ಮ ಮಳೆಗಾಲದಲ್ಲಿ ಶೋಕೇಸ್ ಒಳಗಿನ ತೇವ ನೋಡಿ ಸಿಲಿಕಾ ಜೆಲ್ ಬದಲಾಯಿಸುದು, ಇದೆಲ್ಲ ಕಲಿಯದೆ ಮ್ಯೂಸಿಯಂನಲ್ಲಿ ಸಂಶೋಧನೆ ಮಾಡ್ಲಿಕ್ಕೇ ಆಗುದಿಲ್ಲ, ವಸ್ತು ಎಲ್ಲಿಂದ ಬಂತು ಯಾರು ಕೊಟ್ಟದ್ದು ಅಂತ ಗೊತ್ತಾಗುದೇ ಆ ರಿಜಿಸ್ಟರ್‌ನಿಂದ. ಮಕ್ಕಳಿಗೆ ವಿವರಿಸುದೂ ನಂಗೆ ಖುಷಿಯೇ. ಆದ್ರೆ ಟಿಕೆಟ್ ಹರಿಯುದ್ರಿಂದ ಎಂತ ಕಲಿಯುದು? ಮಳೆ ನಿಂತ ಮೇಲೆ ಫೀಲ್ಡಿಗೆ ಹೋಗಿ ಶಾಸನದ ಕಲ್ಲು ತೊಳೆದು ಪಡಿಯಚ್ಚು (ಕಾಗದದ ಮೇಲೆ ಅಕ್ಷರಗಳ ಅಚ್ಚು) ತೆಗೀಬೇಕು, ಶಾಲೆ ಟೂರ್ ಶುರುವಾಗುದೂ ಆಗಲೇ, ಹೋಗ್ತೇನೆ ಅಂದ್ರೆ ಡ್ಯೂಟಿ ಚಾರ್ಟ್ ತೋರಿಸ್ತಾರೆ. ಕೊನೆಗೆ ಕೇಳುದು ಮಾತ್ರ ಪೇಪರ್ ಎಲ್ಲಿ ಅಂತ.

ಮ್ಯೂಸಿಯಂ, ಆರ್ಕೈವ್ಸ್‌ನಲ್ಲಿ ಕೆಲಸ ಮಾಡಿದ ಅಕ್ಕಂದಿರು, ಅಣ್ಣಂದಿರು ದಯವಿಟ್ಟು ಹೇಳಿ, ಇತರ ಕೆಲಸ ವಾರಕ್ಕೆ ಇಷ್ಟೇ ಗಂಟೆ ಅಂತ ಬರಹದಲ್ಲಿ ಮಾಡಿಸಿಕೊಂಡವರು ಇದ್ದೀರಾ? ಮೊದಲು ರಿಸರ್ಚ್ ಗೈಡ್ ಹತ್ರ ಮಾತಾಡುದಾ, ಕ್ಯುರೇಟರ್‌ಗೆ ನೇರ ಲೆಟರ್ ಕೊಡುದಾ? ಅಂಥ ಲೆಟರ್‌ನ ನಮೂನೆ ಇದ್ರೆ ಕಳಿಸಿ, ಮುಂದಿನ ತಿಂಗಳ ಚಾರ್ಟ್ ಹಾಕುವ ಮೊದಲು ಕೊಡ್ಬೇಕು.