ಸಹಾಯ ಬೇಕು: ನೀರಿನ ಫ್ಲೋರೈಡ್ ಪರೀಕ್ಷೆ ಮಾಡಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಪಾವಗಡ ತಾಲ್ಲೂಕಿನ ಸಣ್ಣ ಊರು. ಇಲ್ಲಿನ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಈ ಭಾಗದವರಿಗೆ ಹೊಸ ಸುದ್ದಿಯಲ್ಲ. ಅದಕ್ಕೇ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕವನ್ನೇ ನೆಚ್ಚಿಕೊಂಡಿದ್ದೇವೆ. ಬೇಸಿಗೆಯಲ್ಲಿ ಕೆಟ್ಟು ನಿಂತಿದ್ದ ಘಟಕ ಈಗ ಮತ್ತೆ ಶುರುವಾಗಿದೆ. ಆದರೆ ನೀರಿಗೆ ಮೊದಲಿನ ರುಚಿಯಿಲ್ಲ, ಬಿಂದಿಗೆಯ ಒಳಗೆ ಬಿಳಿ ಪದರ ಕಟ್ಟುತ್ತಿದೆ. ನೀರು ಸೋಸುವ ಪೊರೆ (ಮೆಂಬ್ರೇನ್) ಬದಲಾಯಿಸಿದ್ದೀರಾ ಎಂದು ಕೇಳಿದರೆ, ನೋಡಿಕೊಳ್ಳುವವರು ಟಿಡಿಎಸ್ ಮೀಟರ್ ಅದ್ದಿ ತೋರಿಸಿ ‘ಎಲ್ಲ ಸರಿಯಿದೆ’ ಎನ್ನುತ್ತಾರೆ. ಆ ಮೀಟರ್ ಒಟ್ಟು ಲವಣಾಂಶವನ್ನು ಹೇಳುತ್ತದೆಯೇ ಹೊರತು ಅದರಲ್ಲಿ ಫ್ಲೋರೈಡ್ ಎಷ್ಟು ಎಂಬುದನ್ನಲ್ಲ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ.

ಅಕ್ಕನ ಮಗಳಿಗೆ ಏಳು ವರ್ಷ. ಹೊಸದಾಗಿ ಬಂದ ಮುಂದಿನ ಹಲ್ಲುಗಳ ಮೇಲೆ ಸುಣ್ಣ ಬಳಿದಂತೆ ಅಡ್ಡಗೆರೆಗಳು ಕಾಣಿಸುತ್ತಿವೆ. ಫ್ಲೋರೈಡ್ ಹೆಚ್ಚಾದರೂ ಹಲ್ಲುಗಳು ಹೀಗಾಗುತ್ತವೆ, ಹಾಗಾಗಿ ಅದನ್ನು ನೋಡಿದ ಮೇಲೆ ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ.

ತುಮಕೂರು ಜಿಲ್ಲೆಯಲ್ಲಿ ಖಾಸಗಿಯವರು ಕೊಟ್ಟ ನೀರನ್ನೂ ಪರೀಕ್ಷಿಸಿ ಲಿಖಿತ ವರದಿ ಕೊಡುವ ಪ್ರಯೋಗಾಲಯ ಯಾವುದು? ಶುಲ್ಕ ಎಷ್ಟಾಗುತ್ತದೆ? ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ ಬಾಟಲಿಯಲ್ಲೇ ಮಾದರಿ ತೆಗೆಯಬೇಕು ಎಂಬುದು ಗೊತ್ತಿದೆ. ಎಷ್ಟು ನೀರು ಬೇಕು ಎಂಬುದನ್ನು ತಿಳಿದವರು ಹೇಳಿ. ಮನೆಯಲ್ಲಿ ಫ್ಲೋರೈಡ್ ಹೀರಿಕೊಳ್ಳುವ ಆಕ್ಟಿವೇಟೆಡ್ ಅಲ್ಯುಮಿನಾ ಪುಡಿಯ ಫಿಲ್ಟರ್ ಬಳಸುವವರಿದ್ದರೆ, ಅದರ ಪುಡಿಯ ಶಕ್ತಿ ಮುಗಿದಾಗ ಎಲ್ಲಿ ಪುನಶ್ಚೇತನ ಮಾಡಿಸುತ್ತೀರಿ ಎಂದೂ ತಿಳಿಸಿ.

ಕುದಿಸಿ ಕುಡಿಯಿರಿ ಎಂಬ ಸಲಹೆ ಮಾತ್ರ ದಯವಿಟ್ಟು ಬೇಡ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.